ಗೌಡರ ಮನೆಯ ಗಟ್ಟಿಮೇಳ

ಅನ್ನ ಬಡಿಸಿದ ಎಲೆಯ ಮುಂದಿನಿಂದ ಓಲಗದ ಮುದ್ದರಂಗಯ್ಯನನ್ನು ಎಬ್ಬಿಸಿದರು.

ಅವನು ತಾನಾಗಿ ಕೂತವನಲ್ಲ. ಓಲಗದವರ ಊಟ ಕೊನೆಯ ಪಂಕ್ತಿ ಎದ್ದ ಮೇಲೆ, ಕೊಟ್ಟಿಗೆಯ ಮಗ್ಗುಲಲ್ಲಿ. ಅಪ್ಪನ ಕಾಲದಿಂದ ಹಾಗೆಯೇ ಉಂಡವನು. ಆ ದಿನ ಗಂಡಿನ ಸೋದರಮಾವ, ಮೈಸೂರಿನವರು, ಮುಂಜಾನೆ ಅವನ ತೋಡಿ ರಾಗ ಕೇಳಿ ಕಣ್ಣೊರೆಸಿಕೊಂಡಿದ್ದರು. ಅವರೇ ಕೈಹಿಡಿದು ಕರೆತಂದು ಪಕ್ಕದ ಎಲೆಗೆ ಕೂರಿಸಿಕೊಂಡರು. ತುಪ್ಪ ಬೀಳುವ ಹೊತ್ತಿಗೆ ಹೆಣ್ಣಿನ ಕಡೆಯ ಹಿರಿಯರು ಒಬ್ಬೊಬ್ಬರಾಗಿ ಎದ್ದು ನಿಂತರು. ಕಿವಿಗೆ ಇಂಪು ಅಂತ ಪಂಕ್ತಿಗೆ ಕೂರಿಸ್ಕೊಳ್ಳೋಕಾಗುತ್ತೇನಯ್ಯ ಎಂದು ಒಬ್ಬರು ಕೇಳಿದರು. ಕೋಗಿಲೆಗೂ ಒಂದು ಎಲೆ ಹಾಕಿ ಎಂದ ಹಿಂದಿನಿಂದ ಇನ್ನೊಬ್ಬ. ನಗು ಎದ್ದಿತು. ಮದುವೆ ಮನೆಯ ಗೌಡರು ಬಂದು, ಏಳಪ್ಪ ರಂಗಯ್ಯ, ಆಮೇಲೆ ಹೊಟ್ಟೆ ತುಂಬ ಉಣ್ಣುವೆಯಂತೆ ಎಂದರು. ಮೈಸೂರಿನವರು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು.

ಮುದ್ದರಂಗಯ್ಯ ಎದ್ದ. ನಾಗಸ್ವರವನ್ನು ಚೀಲಕ್ಕೂ ಹಾಕದೆ ಕಂಕುಳಿಗಿಟ್ಟುಕೊಂಡು ಕೆರೆಯ ಕಡೆ ನಡೆದ. ನಡುನೀರಿಗೆ ಎಸೆದು ಕೈ ತೊಳೆದುಕೊಳ್ಳುವುದೆಂದು ನಿಶ್ಚಯಿಸಿದ್ದ.

ಕೆರೆ ಏರಿಯ ಕೆಳಗೆ ಹೊಂಗೆಯ ತೋಪು. ಶ್ರೀ ತೋಪಿನ ಅವಧೂತರು ಆ ಕಾಲದಲ್ಲಿ ಅಲ್ಲಿಯೇ ವಾಸವಾಗಿದ್ದರು. ಗರಿಯ ಮಾಡು, ಮೂರು ಕಲ್ಲಿನ ಒಲೆ, ಒಂದು ಮಣ್ಣಿನ ಗಡಿಗೆ. ಭಕ್ತರು ತಂದುಕೊಟ್ಟ ಪೀಠವನ್ನು ಅವರು ಒಲೆಗೆ ಹಾಕಿದರೆಂದು ಊರು ಹೇಳುತ್ತಿತ್ತು. ಆ ಹೊತ್ತು ಅಂಬಲಿ ತಿರುವುತ್ತಾ ಕುಳಿತಿದ್ದರು. ಒಲೆಯ ಆಚೆ ಬದಿಗೆ ಕೇರಿಯ ತಮಟೆಯವನೊಬ್ಬ ತನ್ನ ತಮಟೆಯನ್ನು ಉರಿಗೆ ಹಿಡಿದಿದ್ದ. ಕಾಯಿಸದ ಚರ್ಮ ಸದ್ದು ಕೊಡುವುದಿಲ್ಲ. ಮುದ್ದರಂಗಯ್ಯ ಬಂದದ್ದನ್ನು ಕಂಡು ಅವನು ತಮಟೆ ಎತ್ತಿಕೊಂಡು ದೂರ ಹೋಗಿ ಬಿಸಿಲಲ್ಲಿ ನಿಂತ.

ಅವನು ಬಿಟ್ಟ ಜಾಗದಲ್ಲಿ ಮುದ್ದರಂಗಯ್ಯ ಕುಳಿತ.

ಕುಳಿತು, ಎದೆಯಲ್ಲಿದ್ದದ್ದನ್ನೆಲ್ಲ ಅವಧೂತರ ಮುಂದೆ ಹೊರಹಾಕಿದ. ದೇವರು ಏಳುವುದು ನಮ್ಮ ಉಸಿರಿಗೆ, ಗುಡಿಯ ಹೊಸಿಲು ಮಾತ್ರ ನಮಗಿಲ್ಲ. ಬಾಯಿಟ್ಟು ಊದುವುದು, ಎಂಜಲು ವಾದ್ಯ ಅನ್ನುತ್ತಾರೆ. ನಾವಿಲ್ಲದೆ ಒಬ್ಬಳ ಕೊರಳಿಗೂ ತಾಳಿ ಬೀಳುವುದಿಲ್ಲ. ಇವತ್ತು ತಾಳಿ ಕಟ್ಟುವಾಗ ಗೌಡರು ಗಟ್ಟಿಮೇಳ ಎಂದು ಬೆರಳೆತ್ತಿದರು. ಎತ್ತಿದ ಬೆರಳು ಇಳಿಸಲೇ ಇಲ್ಲ. ತಾಳಿ ಬಿದ್ದ ಮೇಲೂ ಊದು, ಊದು ಎಂದು ಸನ್ನೆ. ಡೋಲಿನವನ ಕೈ ಸೋತಿತು, ನಾನು ಸೋಲಲಿಲ್ಲ. ಅಷ್ಟು ಹೊತ್ತು ಉಸಿರು ಹಿಡಿಯುವವನು ಈ ಸೀಮೆಯಲ್ಲಿ ಇನ್ನೊಬ್ಬನಿದ್ದಾನೆಯೆ? ಅಂಥವನಿಗೆ ಒಂದು ಎಲೆ ಇಲ್ಲ.

ಅವಧೂತರು ಕೇಳುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ. ಅಂಬಲಿ ತಿರುವುತ್ತಲೇ ಇದ್ದರು. ಅವನ ಮಾತೆಲ್ಲ ಮುಗಿದ ಮೇಲೆ ಕೇಳಿದರು:

"ಅವನೇಕೆ ಎದ್ದ?"

"ಯಾರು ಬುದ್ಧಿ?"

ಅವಧೂತರು ಬಿಸಿಲಿನ ಕಡೆ ನೋಡಿದರು.

"ಇಲ್ಲಿಗೆ ಕರಿ."

ಎಷ್ಟೋ ದಿಬ್ಬಣಗಳಲ್ಲಿ ತಮಟೆ ಮುಂದೆ, ಓಲಗ ಹಿಂದೆ ನಡೆದದ್ದುಂಟು. ಆದರೂ ಮುದ್ದರಂಗಯ್ಯನಿಗೆ ಆ ಮನುಷ್ಯನ ಹೆಸರು ಗೊತ್ತಿರಲಿಲ್ಲ. ಏ ತಮಟೆ ಎಂದು ಕೂಗಿದ.

"ತಮಟೆ ಅವನ ಕೈಯಲ್ಲಿದೆ," ಎಂದರು ಅವಧೂತರು. "ಅವನನ್ನು ಕರಿ."

ಮುದ್ದರಂಗಯ್ಯ ಎದ್ದು ಹೋಗಿ ಹೆಸರು ಕೇಳಬೇಕಾಯಿತು. ಚನ್ನಿಗ ಎಂದು ತಿಳಿಯಿತು. ದಿಬ್ಬಣ ಮುಗಿದಿರುವಾಗ ತಮಟೆ ಏಕೆ ಕಾಯಿಸುತ್ತಿದ್ದೀಯೆ ಎಂದು ಕೇಳಿದ.

ಅವನ ತಾಯಿ ಬೆಳಗಿನ ಜಾವ ತೀರಿಕೊಂಡಿದ್ದಳು. ಹೆಣದ ಮುಂದೆ ಬೆಂಕಿ ಹಿಡಿಯುವವನು ಅಣ್ಣ, ತಮಟೆ ಇವನದು. ಆದರೆ ಗೌಡರ ಮನೆಯ ಆಳು ಬಂದು, ನೆಂಟರು ಉಂಡು ಕೈ ತೊಳೆಯುವ ತನಕ ಕೇರಿಯಿಂದ ಸದ್ದು ಏಳಕೂಡದೆಂದು ಹೇಳಿ ಹೋಗಿದ್ದ. ಕೇರಿಯಲ್ಲಿ ಕಾಯಿಸಿ ಬೆರಳು ತಾಗಿಸಿದರೂ ಚಪ್ಪರಕ್ಕೆ ಕೇಳುತ್ತದೆಂದು ಚನ್ನಿಗ ತೋಪಿಗೆ ಬಂದಿದ್ದ.

"ತಮಟೆ ಕೆಳಗಿಡಬೋದು ಅಯ್ಯ," ಎಂದ. "ಹೆಣ್ಮಕ್ಕಳ ಬಾಯಿ ಹಿಡಿಯೋಕಾಗ್ಲಿಲ್ಲ. ತಾಳಿ ಹೊತ್ತಿಗೇ ನಮ್ಮಕ್ಕ ಶುರುಮಾಡಿದ್ಲು. ಗೌಡ್ರಿಗೆ ಕೇಳಿಸ್ತಲ್ಲಪ್ಪ ಅಂತ ನಾವು ಹೆದರ್ಕೊಂಡ್ವಿ. ಅಷ್ಟರಲ್ಲಿ ನಿಮ್ಮ ಮೇಳ ಎದ್ದಿತು."

ಮತ್ತೆ ಅಂದ:

"ಚೆನ್ನಾಗಿ ಊದಿದ್ರಿ. ನಮ್ಮ ಅಳು ನಮಗೇ ಕೇಳಿಸ್ಲಿಲ್ಲ."

ಅದರಲ್ಲಿ ಕೊಂಕು ಇರಲಿಲ್ಲ. ಹೊಗಳಿಕೆಯೆಂದೇ ಹೇಳಿದ್ದ.

ಗೌಡರ ಬೆರಳು ಏಕೆ ಇಳಿಯಲಿಲ್ಲವೆಂದು, ತನ್ನ ಉಸಿರು ಯಾವ ಅಳುವನ್ನು ಮುಚ್ಚಿತೆಂದು ಮುದ್ದರಂಗಯ್ಯನಿಗೆ ಆಗ ತಿಳಿಯಿತು. ಒಲೆಯ ಬಳಿ ಬಂದು ನಾಗಸ್ವರ ಮುಂದೆ ಹಿಡಿದ. ಇದನ್ನು ಕೆರೆಗೆ ಹಾಕಲೆ ಎಂದು ಅವಧೂತರನ್ನು ಕೇಳಿದ.

"ಮುಚ್ಚಿದವನೇ ತೆಗೆಯಬೇಕು," ಎಂದರು ಅವಧೂತರು. ಗಡಿಗೆ ಇಳಿಸಿದರು.

ಆ ಸೀಮೆಯಲ್ಲಿ ಹೆಣದ ಮುಂದೆ ಊದಿದ ವಾದ್ಯವನ್ನು ಹಸೆಮಣೆಯ ಮುಂದೆ ತರುವುದಿಲ್ಲ. ಒಂದು ಸಲ ಊದಿದರೆ ಸಾಕು, ಊದಿದವನ ಮನೆತನವೇ ಮದುವೆಗೆ ಆಗಿಬರುವುದಿಲ್ಲ. ಮುದ್ದರಂಗಯ್ಯನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಊದಲು ತಾನೂ ಬರುತ್ತೇನೆಂದು ಅವನು ಹೇಳಿದಾಗ ಚನ್ನಿಗನೇ ಬೇಡವೆಂದ. ನಾಳೆ ನಿಮ್ಮನ್ನು ಯಾರೂ ಕರೆಯುವುದಿಲ್ಲ ಅಯ್ಯ, ಮಕ್ಕಳು ಮರಿ ಇರುವವರು ಎಂದು ಬೇಡಿಕೊಂಡ. ಮುದ್ದರಂಗಯ್ಯ ಅವನ ಕೈಯಿಂದ ತಮಟೆ ಇಸಿದುಕೊಂಡು ಉರಿಗೆ ಹಿಡಿದ. ಆ ಚರ್ಮವನ್ನು ಅವನು ಮುಟ್ಟಿದ್ದು ಅದೇ ಮೊದಲು. ಯಾವ ಹದಕ್ಕೆ ಕಾಯಬೇಕೆಂದು ತಿಳಿಯದೆ ಚನ್ನಿಗನ ಮುಖ ನೋಡಿದ. ಚನ್ನಿಗ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಇನ್ನೂ ಸ್ವಲ್ಪ ಅಂದ.

ಕೊನೆಯ ಪಂಕ್ತಿ ಎದ್ದ ಮೇಲೆಯೇ ಹೆಣ ಹೊರಟಿತು. ಕೇರಿಯವರಿಗೆ ಗೌಡರ ಭಯ ಇದ್ದೇ ಇತ್ತು. ಮಸಣದ ದಾರಿ ಚಪ್ಪರದ ಹಿಂದಿನ ಗಾಡಿದಾರಿ. ನೆಂಟರು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಮುದ್ದರಂಗಯ್ಯ ಅಳುವಿನ ರಾಗ ಮುಖಾರಿ ಹಿಡಿದಿದ್ದ. ಒಂದು ಸಾಲು ಊದಿ ನಿಲ್ಲಿಸುವನು. ಆ ತೆರಪಿನಲ್ಲಿ ಚನ್ನಿಗನ ಅಕ್ಕನ ಅಳು ಚಪ್ಪರದ ತುಂಬ ಕೇಳುವುದು. ಅವಳು ಉಸಿರು ತೆಗೆದುಕೊಳ್ಳುವಾಗ ಮತ್ತೆ ಊದುವನು.

ಗೌಡರು ದಾರಿಗೆ ಬಂದು ಬೆರಳೆತ್ತಿದರು. ಮುದ್ದರಂಗಯ್ಯ ನೋಡಲಿಲ್ಲ. ಎಲ್ಲರ ಹಿಂದೆ ಬರಿಗಾಲಲ್ಲಿ ಅವಧೂತರು ಬರುತ್ತಿದ್ದರು. ಅವರನ್ನು ಕಂಡು ಗೌಡರು ಕೈ ಇಳಿಸಿದರು.

ಮುದ್ದರಂಗಯ್ಯನನ್ನು ಮತ್ತೆ ಯಾರೂ ಮದುವೆಗೆ ಕರೆಯಲಿಲ್ಲ. ಕೇರಿಯವರು ಸಾವಿಗೆ ಕರೆಯುತ್ತಿದ್ದರು. ಹೋಗುತ್ತಿದ್ದ.