ಅಡಿ ನೋಡದವನ ಗುಡ್ಡ

ಹಳೇಬೇಲೆಯ ಅಳಿವೆಯ ತೆಂಕಣ ಬದಿಗೆ ಸಮುದ್ರದೊಳಕ್ಕೆ ಚಾಚಿಕೊಂಡ ಕೆಂಪು ಚಿರೆಕಲ್ಲಿನ ಗುಡ್ಡವೊಂದಿದೆ. ಮೂರು ಬದಿಗೆ ನೀರು, ಒಂದು ಬದಿಗೆ ಊರು. ಈಚೆಗೆ ಅಲ್ಲಿ ಕಬ್ಬಿಣದ ಬೇಲಿ ಹಾಕಿ ‘ಸೂರ್ಯಾಸ್ತ ವೀಕ್ಷಣಾ ಸ್ಥಳ’ ಎಂಬ ಫಲಕ ನಿಲ್ಲಿಸಿದ್ದಾರೆ. ನಿಲ್ಲಿಸಲಿ ಪಾಪ, ಸೂರ್ಯ ಮುಳುಗುವ ದಿಕ್ಕನ್ನೂ ಬರೆದೇ ತೋರಿಸಬೇಕಾದ ಕಾಲ ಇದು. ಊರಿನವರ ಬಾಯಲ್ಲಿ ಮಾತ್ರ ಅದು ಅಂದಿಗೂ ಇಂದಿಗೂ ‘ಅಡಿ ನೋಡದವನ ಗುಡ್ಡ’. ಕರಾವಳಿಯ ಉದ್ದಕ್ಕೂ ಗುಡ್ಡಗಳಿಗೆ ದೇವರ ಹೆಸರಿದೆ, ಅರಸರ ಹೆಸರಿದೆ. ಒಬ್ಬ ಮನುಷ್ಯ ಮಾಡಿದ ತಪ್ಪನ್ನೇ ಹೆಸರಾಗಿ ಹೊತ್ತದ್ದು ಇದೊಂದೇ ಇರಬೇಕು.

ಹಿಂದೆ ಒಮ್ಮೆ, ಹಾಯಿ ಹಡಗುಗಳು ಓಡಾಡುತ್ತಿದ್ದ ಕಾಲದಲ್ಲಿ, ಈ ಊರಿನಲ್ಲಿ ಜಟ್ಟಪ್ಪ ಮೊಗೇರ ಎಂಬವನಿದ್ದ. ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ನೀರಿಗಿಳಿಸಿ, ಇಲ್ಲಿ ಇಷ್ಟು ಮಾರು ಆಳವೆಂದು ಕೂಗಿ ಹೇಳುವುದು ಅವನ ಕಸುಬು. ಹಳೇಬೇಲೆಯವರು ಗುಂಡಿನ ಜೊತೆಗೆ ಮುಚ್ಚಳವಿರುವ ಒಂದು ತಾಮ್ರದ ಕೊಳವೆಯನ್ನೂ ಇಳಿಸಿ ತಳದ ನೀರನ್ನು ಮೇಲೆತ್ತುತ್ತಿದ್ದರು. ಅಳಿವೆಯಲ್ಲಿ ಮೇಲೆ ಹೊಳೆಯ ಸಿಹಿನೀರು ಹೊರಕ್ಕೆ ಹೋಗುತ್ತಿರುವಾಗಲೇ ಅಡಿಯಲ್ಲಿ ಉಪ್ಪುನೀರು ಸದ್ದಿಲ್ಲದೆ ಒಳಕ್ಕೆ ನುಗ್ಗಿ ದಡದ ಬುಡವನ್ನು ಕೊರೆಯುತ್ತಿರುತ್ತದೆ. ಅಡಿನೀರನ್ನು ನಾಲಿಗೆಗೆ ಮುಟ್ಟಿಸದೆ ಮಾತಾಡಬಾರದೆಂಬುದು ಅವರ ಕಟ್ಟಳೆ. ಜಟ್ಟಪ್ಪನ ನಾಲಿಗೆ ಎಷ್ಟು ಚುರುಕೆಂದರೆ ದೂರದೇಶದ ಹಡಗಿನ ಕಪ್ತಾನನೊಬ್ಬ ಅವನನ್ನು ಕರೆದುಕೊಂಡು ಹೋದ. ಹೆಂಡತಿಯ ತಮ್ಮ ಕುಪ್ಪಯ್ಯನೂ ಜೊತೆಗೆ ಹೊರಟ. ಅತ್ತೆ ಮಾಸ್ತಮ್ಮನಿಗೆ ಇದ್ದ ಒಬ್ಬನೇ ಮಗ ಅವನು. “ಹೋದ ಹಾಂಗೇ ತಂದು ಒಪ್ಪಿಸಬೇಕು ಜಟ್ಟಪ್ಪ,” ಎಂದಳು ಅವಳು. “ಅದನ್ನೂ ಹೇಳ್ಬೇಕಾ ಅತ್ತೆ?” ಎಂದ ಇವನು.

ಹಡಗು ತಿಂಗಳುಗಟ್ಟಲೆ ಸಾಗಿ, ಬಡಗಣ ತುದಿಯ ಮರಗಿಡವೇ ಇಲ್ಲದ ಒಂದು ನಾಡಿನಲ್ಲಿ, ಮಲೆಗಳ ನಡುವೆ ಒಳನುಗ್ಗಿದ ಕಡಲ ಸೀಳಿನೊಳಗೆ ನಿಂತಿತು. ಅಲ್ಲೊಂದು ಮಂಜುಗಡ್ಡೆಯ ಹೊಳೆ ಇತ್ತು ಎನ್ನುತ್ತಾರೆ. ಹೊಳೆಯೆಂದರೆ ಹರಿಯುವ ನೀರಲ್ಲ. ಮಲೆಗಳ ಮೇಲೆ ಬಿದ್ದ ಹಿಮವೆಲ್ಲ ಒತ್ತಿ ಒತ್ತಿ ಕಲ್ಲಾಗಿ, ದಿನಕ್ಕೆ ಗೇಣೋ ಮೊಳವೋ ಸರಿಯುತ್ತ ಬಂದು, ಸಮುದ್ರದೊಳಗೇ ಕಾಲಿಳಿಬಿಟ್ಟು ನಿಂತದ್ದು. ಅದರ ಮುಖ ಹತ್ತು ತೆಂಗಿನ ಮರದೆತ್ತರದ ಗೋಡೆ. ಬುಡದಲ್ಲಿ ಒಂದು ಕಡೆ ಕೆಸರುನೀರು ಕುದಿಯುವಂತೆ ಮೇಲೇಳುತ್ತಿತ್ತು, ಅಲ್ಲಿ ಮಾತ್ರ ಹಕ್ಕಿಗಳು ಮುತ್ತಿಕೊಂಡಿದ್ದವು. ಹಡಗಿನಲ್ಲಿ ಕುಡಿಯುವ ನೀರು ಮುಗಿಯುತ್ತ ಬಂದಿತ್ತು. ಗೋಡೆಯ ಬುಡದಿಂದ ಮಂಜಿನ ತುಂಡು ಒಡೆದು ತರಲು ದೋಣಿ ಕಳಿಸಬೇಕು, ಮೊದಲು ಬುಡ ಹೇಗಿದೆ ನೋಡಿ ಹೇಳು ಎಂದು ಕಪ್ತಾನ ಜಟ್ಟಪ್ಪನಿಗೆ ಅಪ್ಪಣೆ ಕೊಟ್ಟ.

ಬೆಳಗಿನ ಹೊತ್ತು, ಹಡಗಿನ ಮೇಲೆ ಬಿಸಿ ಚಾ ಹಂಚುತ್ತಿದ್ದರು. ಜಟ್ಟಪ್ಪನ ಬೆರಳುಗಳು ಚಳಿಗೆ ಬಿರಿದು ರಕ್ತ ಬರುತ್ತಿತ್ತು. ಎಪ್ಪತ್ತು ಮಾರು ಒದ್ದೆ ಹಗ್ಗವನ್ನು ಇಳಿಸಿ ಎಳೆಯುವ ಹೊತ್ತಿಗೆ ಚಾ ಮುಗಿದೇ ಹೋಗುತ್ತದೆ. ಅವನು ಮೇಲಿನ ನೀರನ್ನೇ ಕೊಡದಲ್ಲಿ ಸೇದಿ ನಾಲಿಗೆಗೆ ಮುಟ್ಟಿಸಿ ನೋಡಿದ. ಕುಡಿಯಲಾಗದ ಕೆಸರುನೀರಾದರೂ ಸಿಹಿಯಾಗಿತ್ತು, ಎಲುಬು ಕೊರೆಯುವಷ್ಟು ತಣ್ಣಗಿತ್ತು. ಇಂಥ ಚಳಿಯಲ್ಲಿ ಮಂಜು ಕರಗುವುದುಂಟೇ ಎಂದುಕೊಂಡು, ಬುಡ ಗಟ್ಟಿಯಿದೆ ಎಂದು ಕಪ್ತಾನನಿಗೆ ಕೂಗಿ ಹೇಳಿದ. ದೋಣಿಗಿಳಿಯುತ್ತಿದ್ದ ಕುಪ್ಪಯ್ಯ ಕತ್ತೆತ್ತಿ ಕೇಳಿದ, “ಅಡಿ ನೋಡಿದ್ಯಾ ಭಾವಾ?”

“ನೋಡಿದೆ ಮಾರಾಯ, ಹೋಗು ನೀನು,” ಎಂದ ಜಟ್ಟಪ್ಪ. ಅಯ್ಯೋ, ಒಂದು ಲೋಟ ಚಾ! ಅದಕ್ಕಾಗಿ ಆಡಿದ ಮಾತು ಅದು. ಲೋಟ ಇನ್ನೂ ಕೈಯಲ್ಲಿದ್ದಾಗಲೇ ಗೋಡೆ ಸಿಡಿಲಿನಂತೆ ಸದ್ದು ಮಾಡಿ ಮುಂದಕ್ಕೆ ಬಾಗಿತು, ಒಂದು ಊರಿನಷ್ಟು ಮಂಜು ಕಳಚಿ ಬಿತ್ತು. ಎದ್ದ ತೆರೆ ಇಳಿದ ಮೇಲೆ ನೋಡಿದರೆ ದೋಣಿಯೂ ಇರಲಿಲ್ಲ, ಕುಪ್ಪಯ್ಯನೂ ಇರಲಿಲ್ಲ. ಮಧ್ಯಾಹ್ನ ಜಟ್ಟಪ್ಪ ಯಾರೂ ಹೇಳದೆಯೇ ಗುಂಡು ಇಳಿಸಿ ತಳದ ನೀರನ್ನು ಎತ್ತಿದ. ಅದು ಉಪ್ಪಾಗಿತ್ತು, ಮೇಲಿನ ನೀರಿಗಿಂತ ಒಂದಿಷ್ಟು ಬೆಚ್ಚಗಿತ್ತು. ನಮ್ಮ ಮೈಗೆ ಅದೂ ಕೊರೆಯುವ ನೀರೇ, ಆದರೆ ಮಂಜಿಗೆ ಅದೇ ಬೆಂಕಿ. ಗಡ್ಡೆಯ ಕೆಳಗಿಂದ ಹೊರಬಿದ್ದ ಕೆಸರಿನ ಸಿಹಿನೀರು ಮೇಲಕ್ಕೇಳುತ್ತ, ಆ ಬೆಚ್ಚನೆಯ ಕಡಲ ನೀರನ್ನು ಗೋಡೆಯ ಬುಡಕ್ಕೆ ಎಳೆಎಳೆದು ಉಜ್ಜುತ್ತಿತ್ತು. ಮೇಲೆ ಗಟ್ಟಿಯಾಗಿ ಕಂಡದ್ದಕ್ಕೆ ಕೆಳಗೆ ಬುಡವೇ ಇರಲಿಲ್ಲ. ಥೇಟು ತಮ್ಮೂರಿನ ಅಳಿವೆಯ ಆಟವೇ! ಹುಟ್ಟಿದಾಗಿನಿಂದ ಬಲ್ಲ ವಿಷಯ.

ಊರಿಗೆ ಬಂದ ಜಟ್ಟಪ್ಪ ನಿಜ ಹೇಳಲಿಲ್ಲ. ಮಂಜಿನ ಗುಡ್ಡ ತಾನಾಗಿಯೇ ಬಿತ್ತು, ಅದು ಬೀಳುವುದನ್ನು ಯಾರೂ ಮುಂಚೆ ತಿಳಿಯಲಾರರು ಎಂದ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವೆಂದು ಊರವರು ಅವನಿಗೇ ಸಮಾಧಾನ ಹೇಳಿದರು. ಮಾಸ್ತಮ್ಮ ತನ್ನ ದುಃಖದಲ್ಲೂ, “ನೀನಾದರೂ ಬಂದ್ಯಲ್ಲ,” ಎಂದು ತಲೆ ಸವರಿದಳು. ಆ ಕೈ ಅವನನ್ನು ಸುಟ್ಟಿತು. ಹಬ್ಬಕ್ಕೆ ಅವಳು ಬಡಿಸಿದರೆ ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದ. ಮತ್ತೆ ಅವನು ಗುಂಡು ಮುಟ್ಟಲಿಲ್ಲ, ಬಲೆ ಹೊಲಿದು ಹೊಟ್ಟೆ ಹೊರೆದ. ಹೀಗೆ ಒಂಬತ್ತು ವರ್ಷ ನಾಚಿಕೆಯನ್ನು ನುಂಗಿಕೊಂಡು ಬದುಕಿದ ಎನ್ನುತ್ತಾರೆ.

ಆಗ ಹಳೇಬೇಲೆಯ ಈ ಗುಡ್ಡ ಈಗಿನ ಎರಡರಷ್ಟು ಉದ್ದವಿತ್ತು. ತುದಿಯಲ್ಲಿ ಹನ್ನೊಂದು ಮನೆ, ಕೊನೆಯದು ಮಾಸ್ತಮ್ಮನದು. ಒಂದು ಮಳೆಗಾಲದ ಮೊದಲಲ್ಲಿ ಅವಳ ಬಾವಿಯ ನೀರು ಉಪ್ಪಾಯಿತು. ಬಿಸಿಲು ಜಾಸ್ತಿಯಾಗಿ ಹೀಗಾಗಿದೆ ಎಂದರು ಕೆಲವರು, ಮೈಲಿಗೆ ಎಂದರು ಕೆಲವರು. ಜಟ್ಟಪ್ಪ ಒಂದು ಗುಟುಕು ಬಾಯಿಗೆ ಹಾಕಿದವನೇ ಇದು ಅಡಿಯಿಂದ ನುಗ್ಗಿದ ಕಡಲ ನೀರೆಂದು ತಿಳಿದುಕೊಂಡ. ಕಡಲಿನ ಇಳಿತದ ಹೊತ್ತಿಗೆ ದೋಣಿ ಬಿಚ್ಚಿ, ಒಂಬತ್ತು ವರ್ಷದ ಮೇಲೆ ಗುಂಡು ಹಿಡಿದು ಗುಡ್ಡದ ಬುಡಕ್ಕೆ ಹೋದ. ಗುಂಡು ಸೆಳೆತಕ್ಕೆ ಸಿಕ್ಕಿ ಗುಡ್ಡದ ಅಡಿಗೇ ನುಸುಳಿ, ಹದಿನಾರು ಮಾರು ಹಗ್ಗ ಒಳಗೆ ಹೋಯಿತು. ಮೇಲೆ ಬಂದು, ಗುಡ್ಡದ ಬುಡ ಟೊಳ್ಳಾಗಿದೆ, ಇವತ್ತೇ ಮನೆ ಬಿಡಿ ಎಂದು ಎಲ್ಲರನ್ನೂ ಬೇಡಿಕೊಂಡ.

ಜನ ನಕ್ಕರು. “ಮೇಲೆ ನಿಂತು ಕುಣಿದರೂ ಅಲುಗದ ಕಲ್ಲು ಮಾರಾಯ!” ಎಂದರು. ಮಾಸ್ತಮ್ಮ ಮಾತ್ರ ನಗದೆ ಕೇಳಿದಳು, “ಅಲ್ಲ ಜಟ್ಟಪ್ಪ, ಗುಡ್ಡ ಬೀಳೂದು ಯಾರಿಗೂ ಮುಂಚೆ ತಿಳಿಯೂದಿಲ್ಲ ಅಂತ ನೀನೇ ಹೇಳಿದ್ದೆ. ಈಗ ಹೇಗೆ ತಿಳೀತು?”

ಬಾಯಿ ಬಿಟ್ಟರೆ ಬಣ್ಣಗೇಡು. ಬಿಡದಿದ್ದರೆ ಹನ್ನೊಂದು ಮನೆಯ ಜೀವ. ಅವನು ಅಂಗಳದಲ್ಲಿ ಅವಳ ಕಾಲ ಬಳಿ ಕುಸಿದು ಕೂತು ಎಲ್ಲವನ್ನೂ ಹೇಳಿದ. “ತಿಳೀತಿತ್ತು ಅತ್ತೆ. ಅಡಿ ನೋಡಿದ್ರೆ ತಿಳೀತಿತ್ತು. ನಾ ನೋಡ್ಲಿಲ್ಲ. ನೋಡಿದೆ ಅಂತ ಸುಳ್ಳು ಹೇಳಿ ಅವನನ್ನು ಕಳಿಸಿದೆ. ಚಾ ಮುಗಿದುಹೋಗ್ತದೆ ಅಂತ.” ಅವನ ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮಾಸ್ತಮ್ಮ ಎದ್ದು ಒಳಗೆ ಹೋಗಿ, ಪಾತ್ರೆ ಬಟ್ಟೆ ಗಂಟು ಕಟ್ಟಿಕೊಂಡು, ಅವನನ್ನು ದಾಟಿ ಊರ ಕಡೆ ನಡೆದಳು. ಅವಳು ಹೊರಟ ಮೇಲೆ ಉಳಿದವರೂ ಹೊರಟರು.

ಮೂರನೆಯ ದಿನ ಮಧ್ಯಾಹ್ನ, ಆರಿದ್ರಾ ಮಳೆ ಹೊಡೆಯುತ್ತಿರುವಾಗ, ಗುಡ್ಡದ ಅರ್ಧ ಸಮುದ್ರಕ್ಕೆ ಬಿತ್ತು. ಒಂದು ಕೋಳಿಯೂ ಸಾಯಲಿಲ್ಲವಂತೆ. ಉಳಿದ ಭಾಗಕ್ಕೆ ಜಟ್ಟಪ್ಪನ ಗುಡ್ಡ ಎಂದೇ ಕರೆಯೋಣ, ಜೀವ ಉಳಿಸಿದವನಲ್ಲವೇ ಎಂದು ಊರ ಹಿರಿಯರು ಕೂಡಿ ಮಾತಾಡಿದರು. ಜಟ್ಟಪ್ಪ ಕೈಮುಗಿದು, ತನ್ನ ಹೆಸರು ಬೇಡ, ಕುಪ್ಪಯ್ಯನ ಹೆಸರಿಡಿ ಎಂದ. ಆಗ ಮಾಸ್ತಮ್ಮ ಎದ್ದು ನಿಂತಳು. “ನನ್ನ ಮಗನ ಹೆಸರು ಹೊದ್ಕೊಂಡು ನೀನು ಬೆಚ್ಚಗೆ ಕೂರೂದು ಬೇಡ,” ಎಂದಳು. “ಗುಡ್ಡಕ್ಕೆ ನಿನ್ನದೇ ಇರಲಿ. ಹೆಸರಲ್ಲ, ಮಾಡಿದ್ದು.” ಅವನು ತಲೆ ತಗ್ಗಿಸಿ, “ಹಾಂಗೇ ಆಗ್ಲಿ ಅತ್ತೆ,” ಎಂದ. ಅವನೊಡನೆ ಅವಳು ಆಡಿದ ಕೊನೆಯ ಮಾತು ಅದು ಎನ್ನುತ್ತಾರೆ.

ಇಂದಿಗೂ ಇಳಿತದ ಹೊತ್ತಿನಲ್ಲಿ ಬೇಲಿಯ ಬಳಿ ನಿಂತು ನೋಡಿದರೆ, ಬಿದ್ದ ಗುಡ್ಡದ ಕೆಂಪು ಬಂಡೆಗಳು ನೀರಿನಿಂದ ತಲೆಯೆತ್ತಿ ಬಹು ದೂರದವರೆಗೆ ಕಾಣುತ್ತವೆ. ಅವುಗಳಿಗೆ ಅಂಟಿದ ಚಿಪ್ಪುಗಳನ್ನು ಕೆರೆದು ಬುಟ್ಟಿಗೆ ತುಂಬುವ ಹೆಂಗಸರೂ ಕಾಣುತ್ತಾರೆ. ಫೋಟೋ ತೆಗೆಯಲು ಬಂದವರು ಕೆಲವೊಮ್ಮೆ ಮೇಲಿನಿಂದಲೇ ಕೂಗಿ ಕೇಳುತ್ತಾರೆ, ಆ ಅಡಿ ನೋಡದವನು ಯಾರಮ್ಮಾ ಎಂದು. ಬೇರೆ ಮನೆಯವರಾದರೆ ಕಥೆಯನ್ನೆಲ್ಲ ಹೇಳುತ್ತಾರೆ. ಜಟ್ಟಪ್ಪನ ಮನೆಯವಳಾದರೆ, “ನಮ್ಮವ್ರೇ,” ಎಂದಷ್ಟೇ ಹೇಳಿ, ಮುಖ ತಿರುಗಿಸಿ ಮತ್ತೆ ಕಲ್ಲು ಕೆರೆಯತೊಡಗುತ್ತಾಳೆ.