ನೀರೊಳಗಿನ ಮಿಂಚುಳ್ಳಿ

ಹೊಳೆದಂಡೆಯ ಆಶ್ರಮದಲ್ಲಿ ಚಿದಂಬರನೆಂಬ ಶಿಷ್ಯನಿದ್ದ. ಬೆಳಗಾದರೆ ಊರಿನ ಪುಟ್ಟ ಮಕ್ಕಳು ಅಲ್ಲಿಗೆ ಆಡಲು ಬರುತ್ತಿದ್ದರು. ಅವರನ್ನು ತನಗೆ ಒಪ್ಪಿಸಿ ಎಂದು ಅವನು ಗುರುಗಳ ಬೆನ್ನು ಬಿದ್ದಿದ್ದ.

“ಇವತ್ತೊಂದು ದಿನ ಕರೆದುಕೊಂಡು ಹೋಗು, ನೋಡೋಣ” ಎಂದರು ಗುರುಗಳು.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಚಿದಂಬರ ಶಂಖಪುಷ್ಪ ಅರೆದು ನೀಲಿ ಮಾಡಿದ, ಅರಿಸಿನ ಕಲಸಿದ, ಬೇವಿನ ಕಡ್ಡಿಗಳ ತುದಿ ಜಜ್ಜಿ ಕುಂಚ ಮಾಡಿ ಎಲ್ಲರಿಗೂ ಹಂಚಿದ.

ಹೊಳೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ನೀರಿಗೂ ಆಕಾಶಕ್ಕೂ ನಡುವೆ ಗೆರೆಯೇ ಇರಲಿಲ್ಲ. ಮಕ್ಕಳು ನಿದ್ದೆಗಣ್ಣಲ್ಲೇ ಬಂಡೆಯ ಮೇಲೆ ಕೂತರು.

ಎಲ್ಲಿಂದಲೋ ಒಂದು ಮಿಂಚುಳ್ಳಿ ಬಂತು. ನೀರಿಗೆ ಧುಮುಕಿ ಮಾಯವಾಯಿತು.

“ನೋಡಿದಿರಲ್ಲ? ಈಗ ಅದನ್ನೇ ಬಂಡೆಯ ಮೇಲೆ ಬರೆಯಿರಿ” ಎಂದ ಚಿದಂಬರ.

ಒಬ್ಬ ಕೊಕ್ಕು ಬರೆದ. ಇನ್ನೊಬ್ಬಳು ರೆಕ್ಕೆ ಬರೆದಳು. ಎಲ್ಲರಿಗಿಂತ ಚಿಕ್ಕವಳಾದ ಮಾಳವ್ವ ಮಾತ್ರ ತುಟಿ ಕಚ್ಚಿಕೊಂಡು, ಒಂದರೊಳಗೊಂದು ನೀಲಿ ಬಳೆಗಳನ್ನು ಬರೆದಳು.

“ಹಕ್ಕಿ ಎಲ್ಲಿ, ಮಾಳವ್ವ?”

“ನೀರಾಗ ಐತ್ರಿ.”

ಚಿದಂಬರ ನಕ್ಕ. ಅವಳ ಕೈಯಿಂದ ಕಡ್ಡಿ ತೆಗೆದುಕೊಂಡು, ಬಳೆಗಳ ನಡುವೆ ಚೆಂದದ ಮಿಂಚುಳ್ಳಿಯೊಂದನ್ನು ಬರೆದುಕೊಟ್ಟ.

ಮಾಳವ್ವ ಎದ್ದು ಹೋಗಿ ಹೊಂಗೆ ಮರದಡಿ ಹೊಳೆಗೆ ಬೆನ್ನು ಹಾಕಿ ಕೂತಳು. ಕರೆದರೆ ಬರಲಿಲ್ಲ. ಬೆಲ್ಲ ಕೊಟ್ಟರೆ ಮುಟ್ಟಲಿಲ್ಲ. ಚಿದಂಬರ ಹೆದರಿದ. ನಾಳೆಯಿಂದ ಈ ಮಗು ಬರುವುದನ್ನೇ ಬಿಟ್ಟರೆ?

ಅಷ್ಟರಲ್ಲಿ ಗುರುಗಳು ಬಂದು ಬಂಡೆಯನ್ನು ನೋಡಿದರು.

“ಒಳ್ಳೆಯ ಹಕ್ಕಿ. ಯಾರು ಬರೆದದ್ದು?”

“ನಾನೇ, ಗುರುಗಳೇ. ಮಾಳವ್ವ ಬರೀ ನೀರು ಬರೆದಿದ್ದಳು. ಪೂರ್ತಿ ಮಾಡಿಕೊಟ್ಟೆ. ಅದಕ್ಕೇ ಮುನಿಸಿಕೊಂಡಿದ್ದಾಳೆ.”

ಗುರುಗಳು ಹೊಂಗೆಯ ಕೆಳಗೆ ಹೋಗಿ, ತಾವೂ ಹೊಳೆಗೆ ಬೆನ್ನು ಹಾಕಿ ಮಾಳವ್ವನ ಪಕ್ಕ ಕೂತರು.

ಮಾಳವ್ವನೇ ಮೊದಲು ಬಾಯಿಬಿಟ್ಟಳು. “ಅಜ್ಜಾರ, ಅದು ಮೀನ ಹಿಡಿಯಾಕ ಹೋಗಿತ್ರಿ. ಹಿಡಿಯೂಕಿಂತ ಮೊದ್ಲ ಇವ್ರು ಹೊರಗ ತಗದ್ರು.”

“ಹಂಗಾದ್ರ ಅದು ಉಪವಾಸ ಏನವ್ವ?”

“ಹೂಂ ರಿ.” ಅವಳ ಕಣ್ಣು ತುಂಬಿತು.

ಹಿಂದೆ ನಿಂತಿದ್ದ ಚಿದಂಬರನಿಗೆ ನಾಚಿಕೆಯಾಯಿತು. ಅವನು ಹೊಳೆಗಿಳಿದು ಬೊಗಸೆಯಲ್ಲಿ ನೀರು ತಂದು ಬಂಡೆಯ ಮೇಲಿನ ಆ ಚಿತ್ರವನ್ನು ತೊಳೆದ. ಆಮೇಲೆ ಮಾಳವ್ವನ ಮುಂದೆ ಮಂಡಿಯೂರಿ ಕಡ್ಡಿ ಚಾಚಿದ.

“ತಪ್ಪಾಯ್ತವ್ವ. ಅದನ್ನ ಮತ್ತೆ ಒಳಗೆ ಬಿಡ್ತೀಯಾ?”

ಅವಳು ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದಳು. ಕಡ್ಡಿ ತೆಗೆದುಕೊಂಡಳು. ಬಂಡೆಗೆ ಹೋಗಿ ಮತ್ತೆ ನೀಲಿ ಬಳೆಗಳನ್ನು ಬರೆದು, ಮೊಣಕಾಲು ತಬ್ಬಿಕೊಂಡು ಅಲ್ಲೇ ಕೂತಳು.

ಚಿದಂಬರನೂ ಕೂತ. ಗುರುಗಳೂ ಕೂತರು. ಉಳಿದ ಮಕ್ಕಳು ಕುಂಚ ಬಿಟ್ಟು ಒಬ್ಬೊಬ್ಬರಾಗಿ ಬಂದು ಸುತ್ತ ನೆರೆದರು. ಮಂಜು ಮೆಲ್ಲನೆ ದಡಕ್ಕೆ ಹತ್ತಿ ಬಂತು. ಬಂಡೆ ಎಲ್ಲಿ ಮುಗಿದು ಹೊಳೆ ಎಲ್ಲಿ ಶುರುವಾಗುತ್ತದೆಂದು ತಿಳಿಯದಂತಾಯಿತು.

ಕೊನೆಗೆ ಚಿದಂಬರ ತಡೆಯಲಾರದೆ ಕೇಳಿದ. “ಗುರುಗಳೇ, ನಾಳೆಯೂ ಮಕ್ಕಳ ಜೊತೆ ನಾನು ಬರಲೇ?”

ಗುರುಗಳು ಬಂಡೆಯಿಂದ ಕಣ್ಣು ಕೀಳದೆ ಹೇಳಿದರು:

“ಮಾಳವ್ವನನ್ನು ಕೇಳು. ಆದರೆ ಮೆಲ್ಲಗೆ ಕೇಳಪ್ಪ. ಮೀನು ಬೆದರೀತು.”