ಐದೂವರೆ ತಾಸಿನ ಜಗಳ

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಆಶ್ರಮ. ಅಲ್ಲಿ ನಿಜಗುಣಯ್ಯ ಅಜ್ಜಾರು ಎಂಬ ಗುರುಗಳು. ಅವರ ಬಳಿ ಚನ್ನವೀರ ಎಂಬ ಶಿಷ್ಯ.

ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಪ್ರಾಣಿ ಈ ಚನ್ನವೀರ. ನೀಲಾಂಬಿಕೆ ಎಂಬ ಹುಡುಗಿಯೊಡನೆ ಮದುವೆ ನಿಶ್ಚಯವಾದ ಮೇಲೆ ಮಹಾಶಯನಿಗೆ ಸನ್ಯಾಸದ ಹುಚ್ಚು ಹತ್ತಿತ್ತು.

ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಅವಳಿಗೆ ಫೋನ್ ಮಾಡುತ್ತಿದ್ದ. "ನಾ ಬರೂದಿಲ್ಲ, ನನ್ನ ಮರತುಬಿಡು."

ಸಂಜೆ ಹೊಳೆಯ ಕಡೆ ತಿರುಗಾಡಿ ಬಂದು ಮತ್ತೆ ಮಾಡುತ್ತಿದ್ದ. "ನಾ ಬರ್ತೀನಿ, ಸ್ವಲ್ಪ ತಡಿ."

ಬೆಳಗಿನ ಮಾತು ನಂಬಿ ಅವಳು ದೂರದ ಊರಿನ ಕೆಲಸಕ್ಕೆ ಒಪ್ಪಿದಳು. ಸಂಜೆಯ ಮಾತು ನಂಬಿ ಒಲ್ಲೆ ಎಂದಳು. ಕೆಲಸ ಕೊಟ್ಟವರು ಮತ್ತೆ ಕರೆದಾಗ ಚನ್ನವೀರನಿಗೆ ಫೋನ್ ಮಾಡಿ ಅತ್ತುಬಿಟ್ಟಳು. "ಎಷ್ಟ ಸಲ ಪೆಟ್ಟಿಗಿ ಕಟ್ಟಲಿ, ಎಷ್ಟ ಸಲ ಬಿಚ್ಚಲಿ? ನಾಳೆ ಸಂಜೀ ಒಳಗ ಅವರಿಗೆ ಕಡೀ ಮಾತು ಹೇಳಬೇಕು."

ಅದನ್ನು ಕೇಳಿ ಚನ್ನವೀರನಿಗೆ ಸಂಕಟವಾಯಿತು. ಸಂಕಟ ಮರೆಯಲು ಆಶ್ರಮದ ಕಂಪ್ಯೂಟರಿಗೆ ಕೈ ಹಾಕಿದ.

ಅದರಲ್ಲಿದ್ದದ್ದು, ಯಂತ್ರವನ್ನು ನಡೆಸುವ ಹಳೆಯ ಆಪರೇಟಿಂಗ್ ಸಿಸ್ಟಮ್. ಮಾಸಪತ್ರಿಕೆಯ ಕೆಲಸ, ನಸುಕಿನ ಪ್ರಾರ್ಥನೆ ಹಾಡಿಸುವ ಕೆಲಸ ಎಲ್ಲ ಅದರದ್ದೇ. ಇವನಿಗೆ ಹೊಸದೊಂದರ ಮೇಲೆ ಕಣ್ಣು. ಹಳೆಯದನ್ನು ಬಿಡಲಾರ, ಹೊಸದಿಲ್ಲದೆ ಇರಲಾರ. ಎರಡನ್ನೂ ಒಂದೇ ಯಂತ್ರದಲ್ಲಿ ಕೂರಿಸಿದ. ಆನ್ ಮಾಡಿದಾಗ ಯಾವುದು ಬೇಕೋ ಅದನ್ನು ಎಬ್ಬಿಸಿಕೊಳ್ಳಬಹುದು. ರಾತ್ರಿಯ ತನಕ ಹೊಸದನ್ನು ಓಡಿಸಿ ನೋಡಿ, ಮಲಗುವ ಮುಂಚೆ ನಸುಕಿನ ಪ್ರಾರ್ಥನೆಗೆಂದು ಹಳೆಯದನ್ನೇ ಎಬ್ಬಿಸಿಟ್ಟ.

ಮರುದಿನ ನಸುಕಿನಲ್ಲಿ ಕಂಪ್ಯೂಟರ್ ತುಟಿ ಬಿಚ್ಚಲಿಲ್ಲ. ಎಲ್ಲರೂ ಅವಲಕ್ಕಿ ತಿಂದು ಕಳೆ ಕೀಳುತ್ತಿರುವಾಗ, ಸುಡು ಬಿಸಿಲಲ್ಲಿ, "ಏಳಿರಿ, ಬೆಳಗಾಯಿತು" ಎಂದು ಮೈಕಿನಲ್ಲಿ ಹಾಡತೊಡಗಿತು!

ಅಜ್ಜಾರು ಹೊಟ್ಟೆ ಹಿಡಿದು ನಕ್ಕರು. "ಏನಪಾ ಇದು?"

ಚನ್ನವೀರ ನಾಚಿ ನೀರಾದ. "ಒಳಗ ಒಂದು ಸಣ್ಣ ಗಡಿಯಾರ ಐತ್ರಿ ಅಜ್ಜಾರ. ಅದರಾಗಿರೂದು ನಮ್ಮ ಟೈಮ್ ಅಂತ ಹಳೇದು ತಿಳಕೊಂಡೈತಿ. ಹೊಸದು, ಅದು ವಿಲಾಯತಿ ಟೈಮ್, ಐದೂವರೆ ತಾಸು ಕೂಡಿಸಬೇಕು ಅಂತೈತಿ. ಯಾರು ಎದ್ದರೂ ತಮಗ ಬೇಕಾದಂಗ ಗಡಿಯಾರ ತಿದ್ದತಾರ. ನಿನ್ನೆ ಹೊಸದು ಐದೂವರೆ ತಾಸು ಹಿಂದ ಸರಿಸೈತಿ; ಇನ್ನೊಬ್ಬ ಎದ್ದಾಗ ಎಲ್ಲಾ ತಪ್ಪು."

"ಇಬ್ಬರಾಗ ಸುಳ್ಳ ಯಾರು?"

"ಯಾರೂ ಅಲ್ಲರಿ. ಅವರವರ ಲೆಕ್ಕಕ್ಕ ಇಬ್ಬರೂ ಸರೀನ ಅದಾರ."

"ಪಾಪ, ಆ ಗಡಿಯಾರ," ಎಂದರು ಅಜ್ಜಾರು.

ಅಷ್ಟರಲ್ಲಿ ಚನ್ನವೀರನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ನೀಲಾಂಬಿಕೆ. ಅವನು ಎತ್ತಲಿಲ್ಲ.

"ಅಜ್ಜಾರ, ನನ್ನೊಳಗೂ ಇಬ್ಬರು ಅದಾರ. ಬೆಳಿಗ್ಗೆ ಒಬ್ಬ ಏಳ್ತಾನ, ಸಂಜೀಗೆ ಇನ್ನೊಬ್ಬ. ಯಾರು ಖರೇ? ಹೇಳ್ರಿ, ನನ್ನ ತಲಿ ಕೆಟ್ಟುಹೋಗೈತಿ."

"ಮೊದಲ ಅದನ್ನ ನೆಟ್ಟಗ ಮಾಡು."

ಚನ್ನವೀರ ಕಂಪ್ಯೂಟರಿನ ಮುಂದೆ ಕೂತ, ಎದ್ದ, ಬಾಗಿಲ ತನಕ ಹೋಗಿ ಬಂದ, ಮತ್ತೆ ಕೂತ. ಅಂತೂ ಕೆಲಸ ಮುಗಿಯಿತು.

"ಒಬ್ಬನ್ನ ಹೊರಗ ಹಾಕಿದೇನು?"

"ಇಲ್ಲರಿ, ಇಬ್ಬರೂ ಅದಾರ. ಗಡಿಯಾರ ಏನ್ ತೋರಿಸ್ತೈತೋ ಅದನ್ನ ನಂಬು, ತಿದ್ದಾಕ ಹೋಗಬ್ಯಾಡ ಅಂತ ಹೊಸದಕ್ಕ ಹೇಳೀನಿ."

"ಅಷ್ಟಕ್ಕ ಸರಿ ಹೋತು?"

"ಅಷ್ಟಕ್ಕ ಸರಿ ಹೋತ್ರಿ."

ಫೋನ್ ಮತ್ತೆ ಬಡಿದುಕೊಂಡಿತು. ಚನ್ನವೀರನ ಕಣ್ಣು ತುಂಬಿ ಬಂತು. "ಏನ್ ಹೇಳ್ಲಿ ಅಜ್ಜಾರ? ಬರ್ತೀನಿ ಅನ್ಲೋ, ಬರೂದಿಲ್ಲ ಅನ್ಲೋ?"

ಅಜ್ಜಾರು ಫೋನ್ ಇಸಿದುಕೊಂಡು, ಗುಂಡಿ ಒತ್ತಿ, ಅವನ ಕಿವಿಗೆ ಹಿಡಿದರು. ಆ ಕಡೆಯಿಂದ "ಹಲೋ" ಎಂಬ ಬಳಲಿದ ದನಿ ಕೇಳಿತು.

"ದಿನಾ ಎರಡ ಸಲ ಆಕೀನ್ನ ತಿದ್ದಿದ್ದು ಸಾಕು, ನೀ ಏನೂ ಹೇಳಬ್ಯಾಡ," ಎಂದರು ಅಜ್ಜಾರು. "ಆಕೀ ಗಡಿಯಾರದಾಗ ಈಗ ಎಷ್ಟ ಆಗೈತಿ, ಅದನ್ನ ಕೇಳು."